ಚಿಕ್ಕೋಡಿ ಸುತ್ತಿ ಬಂದ ಹೆಪ್ಪು

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ನಂಬಿ ಕೆಟ್ಟವರನ್ನು ಸಾಲಾಗಿ ನಿಲ್ಲಿಸಿದರೆ ಸದಲಗಾದಿಂದ ನಿಪ್ಪಾಣಿ ಮುಟ್ಟುತ್ತದೆ. ನಿಪ್ಪಾಣಿಯಲ್ಲಿ ಒಬ್ಬ ತಂಬಾಕಿನ ವ್ಯಾಪಾರಿ ಇದ್ದ. ಎಲೆ ಮೂಸಿಯೇ ಯಾವ ಊರಿನ ಹೊಲದ್ದು ಎಂದು ಹೇಳುತ್ತೇನೆಂಬ ಗರ್ವ ಅವನಿಗೆ. ಅವನ ಮೂಗಿನ ಕೆಳಗೆ ಒಣಗಿದ ಬದನೆ ಎಲೆ ಹಿಡಿದು, ಗುಜರಾತಿನಿಂದ ಬಂದ ಹೊಸ ತಳಿ ಅಂದೆ. ಕಣ್ಣು ಮುಚ್ಚಿ ಮೂಸಿ, "ಖಾರ ಜರಾ ಹೆಚ್ಚ ಐತಿ, ಆದ್ರ ಮಾಲ ಚಲೋ" ಅಂದ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸರದಿ ನಿಂತಿದ್ದಾಗ ಒಬ್ಬನ ಕಿವಿಯಲ್ಲಿ ಉಸುರಿದೆ: ಕೊಂಬಿಗೆ ಹಸಿರು ಬಣ್ಣ ಬಳಿದ ಎತ್ತುಗಳನ್ನು ಮೊದಲು ಒಳಗೆ ಬಿಡುತ್ತಾರಂತೆ, ಯಾರಿಗೂ ಹೇಳಬೇಡ. ಮರುದಿನ ಹನ್ನೊಂದು ಜೋಡಿ ಎತ್ತುಗಳು ಗಿಳಿಗಳ ಹಾಗೆ ನಿಂತಿದ್ದವು.

ಇಂಥ ನನ್ನನ್ನು ಮೂರ್ಖನನ್ನಾಗಿ ಮಾಡಿದವನು ಒಬ್ಬನೇ. ಒಂದು ದಿನ ಎರಡು ದಿನ ಅಲ್ಲ, ಹತ್ತು ವರ್ಷಕ್ಕೂ ಮೇಲೆ. ಚಿಕ್ಕೋಡಿಯಲ್ಲಿ ಅವನದೊಂದು ಹೆಸರುವಾಸಿ ಹೋಟೆಲಿತ್ತು. ಆ ಹೋಟೆಲಿನ ಮೊಸರಿಗೆ ಹೆಪ್ಪು ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪ್ರಶ್ನೆಯಲ್ಲಿ ನನ್ನ ಅವ್ವನ ಮರ್ಯಾದೆ ಸಿಕ್ಕಿಹಾಕಿಕೊಂಡಿದೆ. ಉತ್ತರವನ್ನು ಒಮ್ಮೆ ತುಂಬಿದ ಹೋಟೆಲಿನಲ್ಲಿ ಎದ್ದು ನಿಂತು ಹೇಳಿದ್ದೇನೆ. ಒಬ್ಬರೂ ನಂಬಲಿಲ್ಲ. ನೀವೂ ನಂಬಬೇಡಿ, ನೋಡೋಣ ನಿಮ್ಮಿಂದ ಆಗುತ್ತದೆಯೋ ಇಲ್ಲವೋ.

ಎಂಬತ್ತರ ದಶಕದಲ್ಲಿ ನಾನು ಸದಲಗಾದಿಂದ ಆ ಹೋಟೆಲಿಗೆ ಹಾಲು ಒಯ್ಯುತ್ತಿದ್ದೆ. ಹಳೆಯ ಮೋಟರ್ ಸೈಕಲ್ಲಿನ ಎರಡು ಮಗ್ಗುಲಿಗೆ ಎರಡು ಕ್ಯಾನು. ನಮ್ಮ ಮನೆಯ ಎರಡು ಎಮ್ಮೆಗಳ ಹಾಲು, ಓಣಿಯವರ ಹಾಲು, ಎಲ್ಲ ಕೂಡಿ ಬೆಳಿಗ್ಗೆ ಹೊರಟರೆ ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಅರ್ಧ ಬೆಣ್ಣೆ ಅದರಷ್ಟಕ್ಕೆ ಅದೇ ಬಂದಿರುತ್ತಿತ್ತು, ರಸ್ತೆ ಹಾಗಿತ್ತು. ಹೋಟೆಲಿನ ಮಾಲೀಕ ಮುದುಕ. ಎಲ್ಲರೂ ಅವನನ್ನು ಕಾಕಾ ಅನ್ನುತ್ತಿದ್ದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಅರ್ಧ ಮುಚ್ಚಿದ ಕಣ್ಣು. ಕೊಲ್ಲಾಪುರ ಕಡೆಯವರು ಬಂದರೆ "ಯಾ ಯಾ, ಬಸಾ" ಎಂದು ಮರಾಠಿಯಲ್ಲಿ ಕೂಡಿಸುವನು, ನಮ್ಮವರು ಬಂದರೆ "ಬರ್ರಿ, ಕುಂಡ್ರರಿ." ಕೋರ್ಟಿನ ತಾರೀಖಿಗೆ ಬಂದ ರಾಯಬಾಗ, ಅಥಣಿಯ ಕಕ್ಷಿದಾರರು ಎದುರಾಳಿಯ ಪಕ್ಕದಲ್ಲೇ ಕುಳಿತು ರೊಟ್ಟಿ ಮುರಿಯುತ್ತಿದ್ದರು. ಅವರ ತಾರೀಖು ಮುಂದಕ್ಕೆ ಹೋಗುತ್ತಿತ್ತು, ಮೊಸರು ಮಾತ್ರ ಅಂದಂದೇ ಖಾಲಿಯಾಗುತ್ತಿತ್ತು. ಕೊಯ್ದು ಎತ್ತಿಕೊಳ್ಳುವಂಥ ಮೊಸರು. ಬಟ್ಟಲು ಬೋರಲು ಹಾಕಿದರೂ ಬೀಳದು.

ಆ ಮೊಸರಿಗೆ ಒಂದು ಕಥೆ ಇತ್ತು. ಕಾಕಾ ಹರೆಯದಲ್ಲಿ ಕೃಷ್ಣೆಯ ಆಚೆ ದಂಡೆಯವನು. ಹೋಟೆಲು ಇಡಬೇಕೆಂದು ಹೊರಟ ದಿನ ನದಿಗೆ ಮಹಾಪೂರ. ನಾವೆ ಇಲ್ಲ. ಅವನ ತಾಯಿ ಒಂದು ಹಿತ್ತಾಳೆ ತಂಬಿಗೆಯಲ್ಲಿ ಮನೆಯ ಹೆಪ್ಪು ಹಾಕಿ ಮಗನ ತಲೆಯ ಮೇಲಿಟ್ಟು, "ಇದು ಚೆಲ್ಲಿದ್ರ ತಿರುಗಿ ಬರಬ್ಯಾಡ" ಅಂದಳಂತೆ. ತಲೆಯ ಮೇಲೆ ತಂಬಿಗೆ ಹೊತ್ತು ಈಜಿ ಯಡೂರಿನ ವೀರಭದ್ರನ ಗುಡಿಯ ಬಳಿ ದಂಡೆ ಸೇರಿದನಂತೆ. ಒಂದು ಹನಿ ಚೆಲ್ಲಿರಲಿಲ್ಲ. ಅಂದು ಹಾಕಿದ ಹೆಪ್ಪಿನಿಂದ ಇಂದಿನವರೆಗೆ ಮೊಸರಿನಿಂದ ಮೊಸರು, ಮೊಸರಿನಿಂದ ಮೊಸರು, ಒಂದು ದಿನವೂ ಹೊರಗಿನ ಹೆಪ್ಪು ಸೋಕಿಲ್ಲ. ಆ ತಂಬಿಗೆ ಕಾಕಾ ಕುಳಿತು ಹಣ ಎಣಿಸುವ ಗಲ್ಲೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿತ್ತು, ದಿನಾ ಕುಂಕುಮ. ಹಿಂದಿನ ಗೋಡೆಯ ತುಂಬ ಚಿತ್ರ: ಕುತ್ತಿಗೆಯವರೆಗೆ ನೀರು, ತಲೆಯ ಮೇಲೆ ತಂಬಿಗೆ, ಸುತ್ತ ಆಡಿನಷ್ಟು ದೊಡ್ಡ ಮೀನುಗಳು.

ಈ ಕಥೆಯನ್ನು ಕಾಕಾ ತಾನು ಎಂದೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದವನು ನಾನು. ಕ್ಯಾನು ಇಳಿಸಿ, ಒಂದು ಚಹಾ ಕುಡಿದು, ಗಿರಾಕಿಗಳ ನಡುವೆ ನಿಂತೆನೆಂದರೆ ಕೃಷ್ಣಾ ನದಿ ಹೋಟೆಲಿನೊಳಗೇ ಹರಿಯುತ್ತಿತ್ತು. ನನ್ನ ಹಾಗೆ ಹೇಳುವವನು ಐದು ತಾಲೂಕಿನಲ್ಲಿ ಇರಲಿಲ್ಲ, ಈಗಲೂ ಇಲ್ಲ. ನಾನು ಮುಗಿಸಿದ ಮೇಲೆ ಎಲ್ಲರೂ ಗಲ್ಲೆಯ ಕಡೆ ತಿರುಗುವರು. ಕಾಕಾ ಅರ್ಧ ಕಣ್ಣು ತೆರೆದು ಅಷ್ಟೇ ಅನ್ನುವನು: "ಹೌದ್ರಿ. ಹಂಗ ಆತು."

ಒಮ್ಮೆ ಅವನನ್ನು ಕೆಣಕಬೇಕೆನಿಸಿತು. ಕಥೆ ಹೇಳುತ್ತ ನಡುನೀರಿನಲ್ಲಿ ಒಂದು ಮೊಸಳೆ ಬಿಟ್ಟೆ. ಅದು ಬಂತು, ಕಾಲು ಹಿಡಿಯಿತು, ಕಾಕಾ ಒಂದೇ ಕಾಲಿನಲ್ಲಿ ಒದ್ದ, ತಂಬಿಗೆ ಅಲುಗಲಿಲ್ಲ. ಹೇಳಿ ಮುಗಿಸಿ ಗಲ್ಲೆಯ ಕಡೆ ನೋಡಿದೆ. ಈಗ ಬೈಯುತ್ತಾನೆ, ಈಗ ಮುದುಕನ ಬಣ್ಣ ಬಯಲಾಗುತ್ತದೆ ಎಂದು ಕಾದೆ. ಕಾಕಾ ಮೆಲ್ಲಗೆ ಧೋತರ ಸರಿಸಿ ಮೊಳಕಾಲ ಕೆಳಗಿನ ಒಂದು ಗಾಯದ ಕಲೆ ತೋರಿಸಿದ.

"ಹೌದ್ರಿ. ಹಂಗ ಆತು. ಇಲ್ಲೇ ನೋಡ್ರಿ."

ಮೂರು ವಾರದಲ್ಲಿ ಚಿತ್ರದ ಕಲಾವಿದ ನಿಪ್ಪಾಣಿಯಿಂದ ಬಂದು ಗೋಡೆಯ ಮೇಲೆ ಹಸಿರು ಮೊಸಳೆ ಬರೆದು ಹೋದ.

ಬುದ್ಧಿ ಇದ್ದವನಾಗಿದ್ದರೆ ಅಂದೇ ತಿಳಿಯಬೇಕಿತ್ತು. ನನ್ನ ಬಾಯಿಂದ ಹುಟ್ಟಿದ ಮೊಸಳೆಗೆ ಇವನ ಕಾಲಿನಲ್ಲಿ ಹಲ್ಲಿನ ಗುರುತು ಎಲ್ಲಿಂದ ಬರಬೇಕು? ನಾನು ಹಾಗೆ ಯೋಚಿಸಲಿಲ್ಲ. ನಾನು ಯೋಚಿಸಿದ್ದು ಇದು: ಎಲಾ, ನಾನು ಸುಳ್ಳು ಹೇಳಿದರೂ ಖರೆ ಆಗುತ್ತದಲ್ಲ, ಎಂಥ ನಾಲಿಗೆ ನನ್ನದು! ಜಂಬದವನನ್ನು ಮೋಸ ಮಾಡುವುದು ಬಹಳ ಸುಲಭ. ಅವನ ಜಂಬಕ್ಕೆ ಹೌದೆಂದರೆ ಸಾಕು.

ಇನ್ನು ಅವ್ವನ ಮಾತು. ನಮ್ಮ ಕಡೆ ಮಗಳು ಗಂಡನ ಮನೆಗೆ ಹೋಗುವಾಗ ತವರಿನ ಹೆಪ್ಪು ಒಯ್ಯುತ್ತಾಳೆ. ಸಣ್ಣ ಮುಚ್ಚಳದ ಬಟ್ಟಲಿನಲ್ಲಿ ಒಂದು ಮುಷ್ಟಿ ಮೊಸರು. ಆ ಮನೆಯ ಹಾಲಿಗೆ ಅದನ್ನು ಹಾಕಿ, ಬೆಳಿಗ್ಗೆ ಮೊಸರು ಗಟ್ಟಿಯಾಗಿದ್ದರೆ ಅತ್ತೆ ಸೊಸೆಗೆ ಕುಂಕುಮ ಹಚ್ಚುತ್ತಾಳೆ. ಕಾಕಾನ ಕಥೆ ಹಬ್ಬಿದಂತೆ, ಅಂದರೆ ನಾನು ಹಬ್ಬಿಸಿದಂತೆ, ಉಳ್ಳವರೆಲ್ಲ ಮನೆಯ ಹೆಪ್ಪು ಬಿಟ್ಟು ಹೋಟೆಲಿನ ಹೆಪ್ಪು ಒಯ್ಯುವುದು ಪ್ರತಿಷ್ಠೆಯಾಯಿತು. ಕಾಕಾ ತಂಬಿಗೆಯ ಮುಂದೆ ನಿಂತು ಎರಡೂ ಕೈಯಿಂದ ಕೊಡುತ್ತಿದ್ದ.

ತೊಂಬತ್ತರ ಆಚೀಚೆ ನನ್ನ ಮಗಳ ಮದುವೆ ಕಾಗವಾಡಕ್ಕೆ ನಿಕ್ಕಿಯಾಯಿತು. ಬೀಗರು ದ್ರಾಕ್ಷಿ ತೋಟದವರು. ಅವ್ವ ಮೂರು ದಿನ ಮೊದಲೇ ಹೊಸ ಗಡಿಗೆ ತೊಳೆದು, ಹೊಗೆ ಕೊಟ್ಟು, ಮೊಮ್ಮಗಳಿಗೆಂದು ಹೆಪ್ಪು ಹಾಕಿ ಬುಟ್ಟಿಯ ಕೆಳಗೆ ಇಟ್ಟಿದ್ದಳು. ಮಗಳನ್ನು ಕಳಿಸುವ ಹೊತ್ತಿಗೆ ಆ ಗಡಿಗೆ ಹಿಡಿದು ಹೊರಗೆ ಬಂದಳು. ಬೀಗರೆಲ್ಲ ನೋಡುತ್ತಿದ್ದರು. ನಾನು ಕೈ ಅಡ್ಡ ಹಿಡಿದೆ.

"ಅದನ್ನೇನ ಒಯ್ಯೂದು ಬೇ? ಮನಿ ಮನಿಗೂ ಇರ್ತತಿ ಅಂಥಾದ್ದು. ನಾ ಇತಿಹಾಸ ಇದ್ದ ಹೆಪ್ಪ ತಂದೇನಿ!"

ಚಿಕ್ಕೋಡಿಯಿಂದ ತಂದ ಬೆಳ್ಳಿ ಬಟ್ಟಲು ಎತ್ತಿ ತೋರಿಸಿದೆ. ಬೀಗರು ತಲೆದೂಗಿದರು. ಮೊಸಳೆಯ ಕಥೆಯನ್ನೂ ಹೇಳಿದೆ. ಅವ್ವ ಗಡಿಗೆ ಹಿಡಿದುಕೊಂಡೇ ನಿಂತಿದ್ದಳು.

"ಅದೂ ಇದೂ ಒಂದ ಐತೆಪಾ" ಅಂದಳು.

"ಒಂದ ಹೆಂಗ ಆಕ್ಕೇತಿ? ನಿನಗ ತಿಳಿಯೂದಿಲ್ಲ, ಒಳಗ ಹೋಗು."

ಒಳಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ನನಗೆ ಒಂದು ಚೇಷ್ಟೆ ಹೊಳೆಯಿತು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವಷ್ಟರಲ್ಲಿ ಹೋಟೆಲಿನ ಮೊಸರು ಪೂರ್ತಿ ಖಾಲಿ. ಉಳಿಯುವುದು ಅಡುಗೆಮನೆಯ ಗೋಡೆಯ ಮಾಡಿನಲ್ಲಿರುವ ಹೆಪ್ಪಿನ ಗಡಿಗೆ ಒಂದೇ. ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಎತ್ತಿ, ನನ್ನ ಖಾಲಿ ಕ್ಯಾನಿನಲ್ಲಿಳಿಸಿ, ಸುತ್ತ ಅರಿವೆ ತುರುಕಿ ಮುಚ್ಚಿದೆ. ಮುದುಕ ಎದೆ ಬಡಿದುಕೊಳ್ಳುತ್ತಾನೆ, ಪೊಲೀಸರನ್ನು ಕರೆಯುತ್ತಾನೆ, ಆಗ ಗಡಿಗೆ ತೆಗೆದು "ಮೊಸಳಿ ತಂದ ಕೊಟ್ಟತಿ ಕಾಕಾ" ಅನ್ನುವುದು. ಎಲೆ ಅಡಿಕೆ ಹಾಕಿಕೊಂಡು ಬಾಗಿಲಲ್ಲಿ ಕುಳಿತೆ.

ಕಾಕಾ ಒಳಗೆ ಹೋದ. ಮಾಡು ನೋಡಿದ. ಅಡುಗೆಯವನನ್ನು ಮೆಲ್ಲಗೆ ಏನೋ ಕೇಳಿದ. ಅಡುಗೆಯವನು ತಲೆ ಅಲ್ಲಾಡಿಸಿದ. ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಮುದುಕ ಗೋಡೆಯ ಗಡಿಯಾರ ನೋಡಿದ ಅಷ್ಟೇ. ಮುಚ್ಚಳದ ಒಂದು ಅಲ್ಯುಮಿನಿಯಂ ಕಿಟ್ಲಿ ತೆಗೆದುಕೊಂಡು, ಕೊಡೆ ಬಿಚ್ಚಿ, "ಬ್ಯಾಂಕಿಗೆ ಹೋಗಿ ಬರ್ತೇನಿ" ಎಂದು ಹೊರಟ.

ಕಿಟ್ಲಿ ಹಿಡಿದು ಬ್ಯಾಂಕಿಗೆ ಹೋಗುವವನನ್ನು ನಾನು ಅದೇ ಮೊದಲು ನೋಡಿದ್ದು. ಹಿಂದೆ ಬಿದ್ದೆ. ಅವನು ಬಸ್ ಸ್ಟ್ಯಾಂಡಿಗೆ ಹೋಗಿ ಸದಲಗಾದ ಬಸ್ಸು ಹತ್ತಿದ. ನಾನು ಮೋಟರ್ ಸೈಕಲ್ಲಿನ ಮೇಲೆ ಬಸ್ಸಿನ ಧೂಳು ತಿನ್ನುತ್ತ ಹೊರಟೆ. ಕ್ಯಾನಿನಲ್ಲಿ ಗಡಿಗೆ ಕಟಕಟ ಅನ್ನುತ್ತಿತ್ತು. ನಮ್ಮ ಊರಲ್ಲಿ ಯಾವ ಬ್ಯಾಂಕಪ್ಪ ಇವನದು ಎಂದು ಒಬ್ಬನೇ ನಗುತ್ತಿದ್ದೆ.

ಬಸ್ಸಿಳಿದ ಕಾಕಾ ಯಾರನ್ನೂ ದಾರಿ ಕೇಳಲಿಲ್ಲ. ನಮ್ಮ ಓಣಿಗೆ ತಿರುಗಿದ. ನಮ್ಮ ಹಿತ್ತಲಿಗೆ ತಿರುಗಿದ. ನಾನು ಗಾಡಿ ದೂರ ನಿಲ್ಲಿಸಿ, ಗಡಿಗೆ ಎತ್ತಿಕೊಂಡು, ಮೇವಿನ ಬಣವೆಯ ಹಿಂದೆ ನಿಂತೆ. ನಮ್ಮ ದೊಡ್ಡ ಎಮ್ಮೆ ಹೊಸಬರು ಬಂದರೆ ಹಗ್ಗ ಹರಿಯುವಂಥದ್ದು. ಅದು ಕಾಕಾನ ಕೈ ನೆಕ್ಕಿತು. ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲಿಗೇ ನಿಂತಿತು.

ಅವ್ವ ಹಿಂದಿನ ಬಾಗಿಲಿಗೆ ಬಂದಳು.

"ಮತ್ತ ಕೆಟ್ಟತೇನ್ರಿ?"

"ಕೆಟ್ಟಿಲ್ಲವಾ ತಂಗಿ, ಗಡಿಗೀನ ಇಲ್ಲ. ಯಾವ ಹಲ್ಕಟ್ ಒಯ್ದಾನೋ."

"ಲಗೂನ ಬಂದ್ರಿ ಚಲೋ ಆತು. ದೀಪಾ ಹಚ್ಚಿದ ಮ್ಯಾಲ ನಾ ಕೊಡ್ತಿದ್ದಿಲ್ಲ."

"ಅದು ಗೊತ್ತಿದ್ದ ಗಡಿಯಾರಾ ನೋಡಿ ಓಡಿ ಬಂದೇನಿ."

ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಕೊಡಬಾರದೆಂದು ನಮ್ಮಲ್ಲಿ ಪದ್ಧತಿ. ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ. ಅವ್ವ ಕಿಟ್ಲಿ ಒಳಗೆ ಒಯ್ದು, ಹೆಪ್ಪು ಹಾಕಿ, ದೃಷ್ಟಿಯಾಗದಿರಲೆಂದು ಮೇಲೊಂದು ಬೇವಿನ ಎಲೆ ಇಟ್ಟು ತಂದಳು. ಎಷ್ಟು ಸಲ ಮಾಡಿದ ಕೆಲಸವೋ, ಇಬ್ಬರ ಕೈಗಳೂ ತಾವಾಗಿಯೇ ನಡೆಯುತ್ತಿದ್ದವು.

ನಾನು ಬಣವೆ ಬಿಟ್ಟು ಹೊರಗೆ ಬಂದೆ. ಗಡಿಗೆ ಅವರಿಬ್ಬರ ನಡುವೆ ಇಟ್ಟೆ.

"ಆ ಹಲ್ಕಟ್ ನಾನ ಕಾಕಾ."

ಮುದುಕ ಕಿಟ್ಲಿ ಹಿಡಿದುಕೊಂಡೇ ಬಾವಿಯ ಕಲ್ಲಿನ ಮೇಲೆ ಕುಳಿತ. ಅವನ ಕಣ್ಣು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅಂದೇ. ಅವ್ವ ಬಗ್ಗಿ ಗಡಿಗೆಯ ಮುಚ್ಚಳ ತೆಗೆದು ಮೂಸಿದಳು.

"ನಂದ ಐತಿ" ಅಂದಳು. "ಹೋಳಿ ಹುಣ್ಣಿವಿಗೆ ಕೊಟ್ಟದ್ದು."

"ಎಂದಿನಿಂದ ನಡದೈತಿದು?" ಎಂದು ಕೂಗಿದೆ.

ಕಾಕಾ ಅವ್ವನ ಕಡೆ ನೋಡಿದ. ಅವ್ವನೇ ಹೇಳಿದಳು. ಅವಳು ಯಡೂರಿನಿಂದ ಹೊಸ ಸೊಸೆಯಾಗಿ ಈ ಮನೆಗೆ ಬಂದ ವರ್ಷ ಒಬ್ಬ ತರುಣ ಬಾಗಿಲಿಗೆ ಬಂದಿದ್ದ. ಚಿಕ್ಕೋಡಿಯಲ್ಲಿ ಹೋಟೆಲು ಇಡುತ್ತೇನೆ, ಒಂದಿಷ್ಟು ಹೆಪ್ಪು ಕೊಡವ್ವಾ ಅಂದ. ತವರಿನಿಂದ ತಂದದ್ದರಲ್ಲಿ ಕೊಟ್ಟಳು. ತಂಬಿಗೆಯೂ ಅವನದಲ್ಲ, ಪಾತ್ರೆ ತಂದಿಲ್ಲ ಅಂದದ್ದಕ್ಕೆ ನಮ್ಮ ಮನೆಯದೇ ಕೊಟ್ಟು ಕಳಿಸಿದ್ದು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಹೋಟೆಲಿನ ಮೊಸರು ಸೆಕೆಗೆ ಲೋಳೆಯಾದಾಗಲೆಲ್ಲ ಬರುವನು. ಮೊದಲು ನಾನು ಶಾಲೆಗೆ, ಹೊಲಕ್ಕೆ ಹೋದ ಹೊತ್ತು, ಆಮೇಲೆ ಹಾಲಿನ ಕ್ಯಾನು ಒಯ್ದು ಊರ ಮೇಲೆ ಹೋದ ಹೊತ್ತು ನೋಡಿ.

"ಮತ್ತ ಈಜಿ ಬಂದದ್ದು?"

"ಇಂವಾ? ನೀರ ಕಂಡ್ರ ನಡಗತಾನ. ಹಳ್ಳಾ ದಾಟಿಸಾಕ ನಿಮ್ಮಜ್ಜ ಕೈ ಹಿಡ್ಕೊಂಡ ಹೋಗಿದ್ದ."

"ಕಾಲಾಗಿನ ಗಾಯ?"

"ಅದು ನಮ್ಮ ಹಳೇ ಎಮ್ಮಿ ಒದ್ದದ್ದು. ಮೊದಲನೇ ದಿವಸನ."

ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಆ ಎಮ್ಮೆಯ ಒದೆಗೆ ನಾನು ಮೊಸಳೆಯ ಹಲ್ಲು ಕೊಟ್ಟಿದ್ದೆ. ಹತ್ತು ವರ್ಷ ಅವನ ಗಲ್ಲೆಯ ಮುಂದೆ ಕುಣಿದಿದ್ದೆ. ಅವನು ನನ್ನನ್ನು ತಡೆಯಲಿಲ್ಲ, ನನ್ನ ಕಡೆ ನೋಡಿ ಹೌದ್ರಿ ಅಂದ, ನಾನಿಲ್ಲದ ಹೊತ್ತು ನನ್ನ ತಾಯಿಯ ಹಿತ್ತಲಿಗೆ ಬಂದು ನಿಂತ. ಬೆಳ್ಳಿ ಬಟ್ಟಲಿನಲ್ಲಿ ನನ್ನ ಮಗಳಿಗೆಂದು ಎರಡು ಕೈಯಿಂದ ಕೊಟ್ಟದ್ದು ನನ್ನ ಮನೆಯದೇ ಮೊಸರು.

ಅವ್ವನ ಮೇಲೂ ಸಿಟ್ಟು ಬಂತು. "ನನಗರ ಹೇಳಬೇಕಿತ್ತಿಲ್ಲೋ ಬೇ?"

"ಹೆಪ್ಪ ಕೊಟ್ಟದ್ದ ಆಡಿ ತೋರಿಸಬಾರದು. ಎಮ್ಮಿ ಹಾಲ ಏರಸ್ತಾವ, ಕೊಡೂದಿಲ್ಲ. ಮತ್ತ ನಿನಗ ಹೇಳೂದಂದ್ರ ಡಂಗುರಾ ಹೊಡದಂಗ."

"ಮದವಿ ದಿವಸ ಹೇಳಬೇಕಿತ್ತು!"

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೇಳಿದ್ನೆಲ್ಲೋ, ಒಂದ ಐತಿ ಅಂತ. ನನ್ನ ಮೊಮ್ಮಗಳು ನನ್ನ ಹೆಪ್ಪನ ಒಯ್ದಾಳ. ನೀ ಚಿಕ್ಕೋಡಿ ಸುತ್ತಿಸಿ ತಂದಿ, ಅಷ್ಟ."

ಕಾಕಾ ಎದ್ದು ಕಿಟ್ಲಿ ಹಿಡಿದು ಹೊರಟ. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀ ಚಲೋ ಹೇಳ್ತೀಪಾ ಕಥಿ" ಅಂದ. ನನಗೆ ಹೊಗಳಿಕೆ ಎಂದರೆ ಪ್ರಾಣ, ಎಲ್ಲರಿಗೂ ಗೊತ್ತು. ಆ ಒಂದು ಹೊಗಳಿಕೆಯನ್ನು ಮಾತ್ರ ನಾನು ಅಲ್ಲಿಯೇ ಉಗುಳಿದೆ.

ದೀಪಾವಳಿ ಪಾಡ್ಯದ ದಿನ ಹೋಟೆಲಿನಲ್ಲಿ ತಂಬಿಗೆಯ ಪೂಜೆ. ನಿಪ್ಪಾಣಿ, ರಾಯಬಾಗ, ಅಥಣಿಯಿಂದ ಜನ ಬಂದು ನಿಲ್ಲಲು ಜಾಗವಿರುತ್ತಿರಲಿಲ್ಲ. ಕಾಗವಾಡದ ಬೀಗರೂ ಬಂದಿದ್ದರು. ನಾನು ಆರು ತಿಂಗಳು ಬಾಯಿ ಕಟ್ಟಿಕೊಂಡು ಈ ದಿನಕ್ಕಾಗಿ ಕಾದಿದ್ದೆ. ನನ್ನ ಜನ್ಮದಲ್ಲಿ ಅಷ್ಟು ದಿನ ನಾನು ಏನನ್ನೂ ಬಚ್ಚಿಟ್ಟವನಲ್ಲ. ಪೂಜೆ ಮುಗಿಯಿತು, ಮಂದಿ ಕೂಗಿದರು: "ಹೇಳಪಾ ಹೇಳು, ಮೊಸಳೀದ ಹೇಳು!"

ಬೆಂಚಿನ ಮೇಲೆ ಹತ್ತಿ ನಿಂತೆ. ಮೊಸಳೆ ಇಲ್ಲ, ನದಿ ಇಲ್ಲ ಅಂದೆ. ಆ ತಂಬಿಗೆ ನಮ್ಮ ಮನೆಯದು, ಆ ಹೆಪ್ಪು ನನ್ನ ಅವ್ವನದು ಅಂದೆ. ಇವನ ಕಾಲಿಗೆ ಒದ್ದದ್ದು ನಮ್ಮ ಎಮ್ಮೆ ಅಂದೆ.

ಹಿಂದಿನಿಂದ ಒಬ್ಬ ಕಿರುಚಿದ: "ಎಮ್ಮಿ ಅಂತಲೇ! ಈ ಸಲದ್ದು ಭಾರಿ ಐತಿ!"

ಹೋಟೆಲು ಒಡೆಯುವ ಹಾಗೆ ನಕ್ಕರು. ಬೀಗರು ಕಣ್ಣೊರೆಸಿಕೊಂಡು ನಕ್ಕರು. "ಖರೇ ಹೇಳಾಕತ್ತೇನಿ, ದೇವರಾಣಿ" ಅಂದರೆ ಇನ್ನೂ ಜೋರಾಗಿ ನಕ್ಕರು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಯಾರೋ, "ಆಹಾ, ಅಳೂದೂ ಬರ್ತತಿ ಇವಗ" ಅಂದರು. ಕೊನೆಗೆ ರೂಢಿಯಂತೆ ಎಲ್ಲರೂ ಗಲ್ಲೆಯ ಕಡೆ ತಿರುಗಿದರು.

ಕಾಕಾ ಅರ್ಧ ಕಣ್ಣು ತೆರೆದ. ನನ್ನನ್ನೇ ನೋಡಿದ.

"ಹೌದ್ರಿ. ಹಂಗ ಆತು."

ಚಪ್ಪಾಳೆ ಬಿತ್ತು. ಜನ್ಮದಲ್ಲಿ ಮೊದಲ ಸಲ ಅವನು ಖರೆ ಹೇಳಿದ್ದ, ಮತ್ತು ಅದರಿಂದಲೇ ನನ್ನ ಖರೆಯನ್ನು ಕೊಂದಿದ್ದ. ನಾನು ಎಷ್ಟೋ ಜನರಿಗೆ ಮಾಡಿದ ಚೇಷ್ಟೆಗಳನ್ನೆಲ್ಲ ಕೂಡಿಸಿದರೂ ಅದರ ಉಗುರಿಗೆ ಸಮವಲ್ಲ.

ಅಂದಿಗೆ ಹಾಲು ಒಯ್ಯುವುದು ಬಿಟ್ಟೆ. ಆದರೆ ಬೇಸಿಗೆ ಬಿಡಬೇಕಲ್ಲ. ಮಾರನೇ ವರ್ಷ ಸೆಕೆ ಏರಿದಾಗ ಕಿಟ್ಲಿ ಹಿಡಿದು ಮುದುಕ ಬಂದ. ಈ ಸಲ ಹಿತ್ತಲಿಗಲ್ಲ, ಮುಂದಿನ ಬಾಗಿಲಿಗೆ. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಮಂದಿ ಮುಂದ ಒಮ್ಮೆ ಸರಿಯಾಗಿ ಹೇಳ್ರಿ, ಆಮ್ಯಾಲೆ ಒಯ್ಯರಿ."

"ಹೇಳಿದ್ನೆಲ್ಲಪಾ. ನಂಬಲಿಲ್ಲ ಅವರು."

ಒಳಗಿನಿಂದ ಅವ್ವ ಬಂದಳು. ದೀಪ ಹಚ್ಚಲು ಇನ್ನೂ ಒಂದಿಷ್ಟು ಹೊತ್ತಿತ್ತು. ನನ್ನನ್ನು ಸರಿಸಿ, ಕಿಟ್ಲಿ ಇಸಿದುಕೊಂಡು, ಹೆಪ್ಪು ಹಾಕಿ, ಬೇವಿನ ಎಲೆಯಿಟ್ಟು ತಂದು ಕೊಟ್ಟಳು. ಕೊಟ್ಟ ಮೇಲೆ ಒಂದೇ ಮಾತು ಅಂದಳು.

"ನಂದೇನೂ ಬರಸಬ್ಯಾಡ್ರಿ ಗ್ವಾಡಿ ಮ್ಯಾಲ. ಆ ಮೊಸಳಿ ಅಷ್ಟ ಅಳಸ್ರಿ. ಅದು ನನ್ನ ಮಗಂದು."

ಕಾಕಾ ತಲೆ ತಗ್ಗಿಸಿ ಹೋದ. ಒಂದು ವಾರದಲ್ಲಿ ಮೊಸಳೆಯ ಮೇಲೆ ಸುಣ್ಣ ಬಿತ್ತು. ಅವನು ತೀರಿಕೊಂಡು, ಆ ಗೋಡೆಗೆ ಟೈಲ್ಸು ಬೀಳುವವರೆಗೂ ಸುಣ್ಣದ ಅಡಿಯಿಂದ ಹಸಿರು ತುಸು ಕಾಣುತ್ತಿತ್ತು. ಹೆಪ್ಪು ಮಾತ್ರ ಕಾಗವಾಡದಲ್ಲಿ ಮಗಳ ಮನೆಯಲ್ಲಿ ಈಗಲೂ ನಡೆದಿದೆ. ಬೀಗರು ಬಂದವರಿಗೆಲ್ಲ ಬಡಿಸಿ, ಚಿಕ್ಕೋಡಿಯ ಹೋಟೆಲಿನದು ಎಂದೇ ಹೇಳುತ್ತಾರೆ. ನಾನು ತಿದ್ದಲು ಹೋದರೆ ನಗುತ್ತಾರೆ.

ನಂಬಬೇಡಿ ಅಂದಿದ್ದೆ. ನಂಬಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಹಾಗಾದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ತಂಬಿಗೆ ಖರೆ, ಕಿಟ್ಲಿ ಖರೆ, ಎಮ್ಮೆಯ ಒದೆ ಖರೆ. ಅಂದು ಹಿತ್ತಲಿನಲ್ಲಿ ಅವ್ವ ಆಡಿದ ಮಾತೂ ಖರೆ. ಸೆರಗು ಬಾಯಿಗೆ ಹಿಡಿದು ನಕ್ಕಳು ಎಂದು ಬರೆದೆನಲ್ಲ, ಅದೊಂದು ನಾನು ಕಟ್ಟಿದ್ದು. ಸೆರಗು ಬಾಯಿಗೆ ಹಿಡಿದದ್ದು ಹೌದು. ನಗಲಿಲ್ಲ.